ಮೈಗೊಗ್ಗದ ಹಾಲು

ಚಳ್ಳಕೆರೆಯಿಂದ ಬಳ್ಳಾರಿಯತ್ತ ಹೋಗುವ ಹೆದ್ದಾರಿಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬಿ.ಜಿ. ಕೆರೆ ಎಂಬ ಊರಿದೆ. ಹೆಸರಿನಲ್ಲಿ ಕೆರೆಯಿದ್ದರೂ ಈ ಸೀಮೆಗೆ ಮಳೆ ಅಪರೂಪದ ಅತಿಥಿ. ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ಪ್ರದೇಶಗಳನ್ನು ಹೇಳುವಾಗ ಚಳ್ಳಕೆರೆ, ಮೊಳಕಾಲ್ಮೂರುಗಳ ಹೆಸರು ತಪ್ಪದೆ ಬರುತ್ತದೆ. ಕಲ್ಲುಗುಡ್ಡಗಳು, ಶೇಂಗಾದ ಹೊಲಗಳು, ಕುರಿಯ ಹಿಂಡುಗಳು ಇಲ್ಲಿಯ ನಿತ್ಯದ ನೋಟ. ಬೇಸಿಗೆಯಲ್ಲಿ ಹುಲ್ಲು ಒಣಗಿ, ದನಗಳ ಕೆಚ್ಚಲು ಬತ್ತಿದಾಗಲೂ ಒಂದು ಬಗೆಯ ಹಾಲಿಗೆ ಮಾತ್ರ ಇಲ್ಲಿ ಬರವಿಲ್ಲ. ದಾರಿಯ ಬದಿಯ ಎಕ್ಕದ ಎಲೆಯನ್ನು ಮುರಿದರೆ, ಬದುವಿನ ಮೇಲಿನ ಕಳ್ಳಿಯನ್ನು ಚಿವುಟಿದರೆ, ಆ ಕ್ಷಣವೇ ಬೆಳ್ಳಗಿನ ಹಾಲು ತೊಟ್ಟಿಕ್ಕುತ್ತದೆ.

ಈ ಹಾಲನ್ನು ಕುಡಿಯುವವರಿಲ್ಲ. ಅದರ ಗುಣವನ್ನು ಅರಿಯದವರೂ ಇಲ್ಲ. ಕಾಲಿಗೆ ಚುಚ್ಚಿ ಮುರಿದ ಮುಳ್ಳು ಮೇಲೆ ಬರಲೆಂದು ಎಕ್ಕದ ಹಾಲನ್ನು ಹಚ್ಚುವ ವಾಡಿಕೆ ಹಳ್ಳಿಗಳಲ್ಲಿ ಹಿಂದಿನಿಂದಲೂ ಉಂಟು. ಅದೇ ಹಾಲು ಕಣ್ಣಿಗೆ ಸಿಡಿದರೆ ಕಣ್ಣು ಉರಿದು ಕೆಂಪಾಗುತ್ತದೆ. ದೃಷ್ಟಿಗೂ ಅಪಾಯ ತಟ್ಟಬಹುದು. ಆದುದರಿಂದಲೇ ಎಕ್ಕದ ಹೂವನ್ನು ಕಿತ್ತು ತಂದ ಮಕ್ಕಳಿಗೆ, "ಕಣ್ಣು ಮುಟ್ಟಬೇಡ, ಮೊದಲು ಕೈ ತೊಳಕೋ" ಎಂದು ಅಜ್ಜಿಯರು ಗದರಿಸುತ್ತಾರೆ. ಆ ಗದರಿಕೆಯಲ್ಲಿ ತಲೆಮಾರುಗಳ ಅನುಭವ ಅಡಗಿದೆ.

ಸಸ್ಯಗಳಿಗೆ ಈ ಹಾಲು ಏತಕ್ಕೆ ಬೇಕು? ಹಸುವಿನ ಹಾಲು ಕರುವಿನ ಆಹಾರ. ಗಿಡದ ಹಾಲು ಗಿಡದ ರಕ್ಷಣೆ. ಕಂಬಳಿಹುಳು ಎಲೆಯನ್ನು ಕಚ್ಚಿದೊಡನೆ ಹಾಲು ಉಕ್ಕಿ ಅದರ ಬಾಯಿಗೆ ಅಂಟಿಕೊಳ್ಳುತ್ತದೆ. ಗಾಯವಾದ ಎಡೆಯಲ್ಲಿ ಹೆಪ್ಪುಗಟ್ಟಿ ಬೂಷ್ಟೂ ಕ್ರಿಮಿಗಳೂ ಒಳನುಗ್ಗದಂತೆ ತಡೆಯುತ್ತದೆ. ಓಡಲಾರದ, ಕೂಗಲಾರದ ಗಿಡಕ್ಕೆ ಈ ಹಾಲೇ ಆಯುಧ. ಇದನ್ನು ಸಸ್ಯಕ್ಷೀರವೆಂದೂ ಲೇಟೆಕ್ಸ್ ಎಂದೂ ಕರೆಯುತ್ತಾರೆ.

ಎಕ್ಕದ ಹಾಲಿನ ಸ್ವಭಾವವು ನೇರವಾದುದು. ಅದು ಬಡವನ ಕಣ್ಣಿಗೆ ಬಿದ್ದರೂ ಬಲ್ಲಿದನ ಕಣ್ಣಿಗೆ ಬಿದ್ದರೂ ಉರಿಯುತ್ತದೆ. ಹಾಗಾಗಿ ಅದರ ಕೆಡುಕನ್ನು ಯಾರೂ ಸಂಶಯಿಸುವುದಿಲ್ಲ. ಆದರೆ ಇನ್ನೊಂದು ಮರದ ಹಾಲು ಉಂಟು. ನೂರಾರು ಜನ ಮುಟ್ಟಿದರೂ ಅವರಿಗೆ ಏನೂ ಆಗುವುದಿಲ್ಲ. ನಡುವೆ ಯಾರೋ ಒಬ್ಬರು ಮುಟ್ಟಿದರೆ ಅವರ ಮೈಯೆಲ್ಲ ದದ್ದೇಳುತ್ತದೆ, ಉಸಿರು ಕಟ್ಟುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅದು ರಬ್ಬರಿನ ಮರದ ಹಾಲು. ಎಲ್ಲರನ್ನೂ ಸುಡುವುದು ವಿಷ. ಕೆಲವರಿಗೆ ಮಾತ್ರ ಒಗ್ಗದಿರುವುದು ಅಲರ್ಜಿ. ಈ ಭೇದವನ್ನು ತಿಳಿಯದೆ ಹೋದುದರಿಂದ ಎಷ್ಟೋ ಮಂದಿ ನೋವಿನ ಜೊತೆಗೆ ಅವಿಶ್ವಾಸವನ್ನೂ ಅನುಭವಿಸಬೇಕಾಯಿತು.

ರಬ್ಬರಿನ ಮರವು ಬಿ.ಜಿ. ಕೆರೆಯ ನೆಲದಲ್ಲಿ ಬೆಳೆಯುವಂಥದಲ್ಲ. ಅದಕ್ಕೆ ಧಾರಾಳವಾದ ಮಳೆ ಬೇಕು. ದಕ್ಷಿಣ ಅಮೆರಿಕದ ಅಮೆಜಾನ್ ಕಾಡು ಅದರ ತವರು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತನು ಅದರ ಸಾವಿರಾರು ಬೀಜಗಳನ್ನು ಬ್ರೆಜಿಲ್ ದೇಶದಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಮಲಯಕ್ಕೂ ಬಂದವು. ಮುಂದೆ ಕೇರಳದ ಬೆಟ್ಟಗಳಲ್ಲಿ ತೋಟಗಳಾದವು. ಕರ್ನಾಟಕದಲ್ಲಿ ಘಟ್ಟದ ಕೆಳಗಿನ ಸುಳ್ಯ, ಪುತ್ತೂರುಗಳ ಕಡೆ ರಬ್ಬರು ಬೆಳೆಯುತ್ತದೆ. 1964ರಲ್ಲಿ ಭಾರತಕ್ಕೂ ಸಿಂಹಳಕ್ಕೂ ಆದ ಒಪ್ಪಂದದಂತೆ ಅಲ್ಲಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಹಲವಕ್ಕೆ ಈ ಭಾಗದ ಸರಕಾರಿ ರಬ್ಬರು ತೋಟಗಳಲ್ಲಿಯೇ ಆಸರೆ ದೊರೆಯಿತು. ನಸುಕಿನಲ್ಲಿ ಮರದ ತೊಗಟೆಯನ್ನು ಓರೆಯಾಗಿ ಕೆತ್ತಿದರೆ ಹಾಲು ಜಿನುಗಿ ಬಟ್ಟಲನ್ನು ತುಂಬುತ್ತದೆ.

ಮರವು ಬಾರದಿದ್ದರೂ ಅದರ ಹಾಲು ಬಿ.ಜಿ. ಕೆರೆಗೆ ಬಂದಿದೆ. ಸೈಕಲ್ಲಿನ ಟ್ಯೂಬಿನಲ್ಲಿ, ಚಪ್ಪಲಿಯ ಅಟ್ಟೆಯಲ್ಲಿ, ನೋಟಿನ ಕಟ್ಟಿಗೆ ಸುತ್ತುವ ರಬ್ಬರ್ ಬ್ಯಾಂಡಿನಲ್ಲಿ, ನಾಯಕನಹಟ್ಟಿಯ ಜಾತ್ರೆಯಲ್ಲಿ ಕೊಂಡ ಬಣ್ಣದ ಬಲೂನಿನಲ್ಲಿ, ವೈದ್ಯರ ಕೈಗವಸಿನಲ್ಲಿ ಅದು ರೂಪಾಂತರ ಹೊಂದಿ ನೆಲಸಿದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿ, ಬಿಸಿಲಿಗೆ ಕರಗದಂತೆಯೂ ಚಳಿಗೆ ಸಿಡಿಯದಂತೆಯೂ ಹದಗೊಳಿಸುವ ಉಪಾಯವನ್ನು ಕಂಡುಹಿಡಿದ ಮೇಲೆ ಅದು ಕಾಲಿಡದ ಮನೆಯೇ ಇಲ್ಲವಾಯಿತು.

ಕೈಗವಸಿನ ಕಥೆಯು ಸ್ವಾರಸ್ಯವಾದುದು. 1889ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರಿನಲ್ಲಿರುವ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಕೆರೊಲಿನ್ ಹ್ಯಾಂಪ್ಟನ್ ಎಂಬ ದಾದಿಯಿದ್ದಳು. ಶಸ್ತ್ರಚಿಕಿತ್ಸೆಯ ಕೊಠಡಿಯ ಹೊಣೆ ಅವಳದು. ಆ ಕಾಲದಲ್ಲಿ ಕ್ರಿಮಿನಾಶಕ್ಕೆಂದು ಪಾದರಸದ ಒಂದು ಲವಣವನ್ನು ಕರಗಿಸಿದ ನೀರಿನಲ್ಲಿ ಕೈ ಅದ್ದುತ್ತಿದ್ದರು. ಆ ನೀರಿನಿಂದ ಅವಳ ಕೈಯ ಚರ್ಮ ಕೆರಳಿ ಹುಣ್ಣಾಗತೊಡಗಿತು. ಶಸ್ತ್ರವೈದ್ಯನಾದ ವಿಲಿಯಂ ಹಾಲ್‌ಸ್ಟೆಡ್ ಇದನ್ನು ಕಂಡು ಉದಾಸೀನ ಮಾಡಲಿಲ್ಲ. ರಬ್ಬರು ವಸ್ತುಗಳನ್ನು ತಯಾರಿಸುತ್ತಿದ್ದ ಕಂಪೆನಿಯೊಂದಕ್ಕೆ ತೆಳುವಾದ ಎರಡು ಜೊತೆ ಕೈಗವಸುಗಳನ್ನು ಮಾಡಿಕೊಡುವಂತೆ ಬರೆದನು. ಅವು ಬಂದವು, ಅವಳ ಕೈಗಳು ಉಳಿದವು. 1890ರಲ್ಲಿ ಅವರಿಬ್ಬರೂ ವಿವಾಹವಾದರು. ಅನಂತರ ಉಳಿದವರೂ ಗವಸು ತೊಡಲಾರಂಭಿಸಿದರು. ಗವಸಿನಿಂದ ರೋಗಿಯ ಗಾಯಕ್ಕೂ ಸೋಂಕು ತಗಲದು ಎಂಬುದು ಕ್ರಮೇಣ ಸ್ಪಷ್ಟವಾಯಿತು. ಕೋಟ್ಯಂತರ ರೋಗಿಗಳನ್ನು ಕಾಪಾಡಿದ ಈ ಸಾಧನವು ಹುಟ್ಟಿದ್ದು ಒಬ್ಬ ದಾದಿಯ ಕೈಯ ನೋವನ್ನು ಮತ್ತೊಬ್ಬರು ಗಮನಿಸಿದುದರಿಂದ ಎಂಬುದನ್ನು ಮರೆಯಲಾಗದು.

ಆದರೆ ವಿಧಿಯ ಚೇಷ್ಟೆಯನ್ನು ನೋಡಬೇಕು. ಚರ್ಮದ ದದ್ದನ್ನು ತಡೆಯಲು ಹುಟ್ಟಿದ ಗವಸೇ ಕೆಲವರಲ್ಲಿ ದದ್ದನ್ನು ಎಬ್ಬಿಸತೊಡಗಿತು. 1979ರಲ್ಲಿ ಇಂಗ್ಲೆಂಡಿನಲ್ಲಿ, ಮನೆಗೆಲಸದ ರಬ್ಬರು ಗವಸು ತೊಟ್ಟೊಡನೆ ಕೈಯಲ್ಲಿ ಗಂಧೆಗಳೇಳುತ್ತಿದ್ದ ಒಬ್ಬರ ವೃತ್ತಾಂತವು ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. 1981ರಲ್ಲಿ ಏಡ್ಸ್ ರೋಗವು ಬೆಳಕಿಗೆ ಬಂದಿತು. 1987ರಲ್ಲಿ ಅಮೆರಿಕದ ಆರೋಗ್ಯಾಧಿಕಾರಿಗಳು, ಯಾವ ರೋಗಿಯ ರಕ್ತವನ್ನು ಮುಟ್ಟುವುದಾದರೂ ಗವಸು ತೊಡಲೇಬೇಕೆಂದು ಸೂಚಿಸಿದರು. ಗವಸುಗಳ ಬೇಡಿಕೆ ಒಮ್ಮೆಗೇ ಏರಿತು. ಅದರ ಬೆನ್ನಿನಲ್ಲಿಯೇ ವೈದ್ಯರಲ್ಲಿ, ದಾದಿಯರಲ್ಲಿ, ಹಲವು ಸಲ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳಲ್ಲಿ ಈ ಅಲರ್ಜಿಯೂ ಹೆಚ್ಚಿತು. ಅದರಲ್ಲಿಯೂ ಬೆನ್ನುಹುರಿಯ ಜನ್ಮದೋಷದಿಂದಾಗಿ ಎಳವೆಯಿಂದಲೇ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾದ ಮಕ್ಕಳಿಗೆ ಅಪಾಯ ಹೆಚ್ಚು ಎಂಬುದು ಕಂಡುಬಂದಿತು.

ಅಲರ್ಜಿ ಎಂಬ ಪದವನ್ನು ಬಳಕೆಗೆ ತಂದವನು ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ಅದು 1906ರಲ್ಲಿ. ಮೈಯೊಳಗೆ ನಡೆಯುವ ಈ ವ್ಯಾಪಾರವನ್ನು ಹಳ್ಳಿಯ ತಳವಾರನ ಕೆಲಸಕ್ಕೆ ಹೋಲಿಸಬಹುದು. ತಳವಾರನು ಊರನ್ನು ಕಾಯುತ್ತಾನೆ. ಊರಿಗೆ ಬಂದ ಅಪರಿಚಿತನೊಬ್ಬನನ್ನು ಅವನು ಕಳ್ಳನೆಂದು ಬಗೆದು ಮುಖವನ್ನು ಗುರುತಿಟ್ಟುಕೊಳ್ಳುತ್ತಾನೆ. ಅಂದು ಏನೂ ನಡೆಯುವುದಿಲ್ಲ. ಮತ್ತೊಮ್ಮೆ ಅದೇ ಮುಖ ಕಂಡೊಡನೆ ತಮಟೆ ಬಾರಿಸಿ ಊರನ್ನೆಲ್ಲ ಎಬ್ಬಿಸುತ್ತಾನೆ. ಬಂದವನು ಬಳೆಗಾರನೋ ಭಿಕ್ಷುಕನೋ ಆಗಿರಬಹುದು. ಆದರೆ ಗಲಿಬಿಲಿಯಲ್ಲಿ ದೊಣ್ಣೆ ಹಿಡಿದು ಓಡಿದ ಜನರಿಂದ ಊರಿನ ಮಡಕೆಗಳೇ ಒಡೆಯುತ್ತವೆ. ದೇಹದಲ್ಲಿಯೂ ಹೀಗೆಯೇ. ರಬ್ಬರಿನ ಹಾಲಿನಲ್ಲಿ ಮರದ ರಕ್ಷಣೆಗಾಗಿ ಇರುವ ಕೆಲವು ಪ್ರೋಟೀನುಗಳನ್ನು ರಕ್ಷಣಾವ್ಯವಸ್ಥೆಯು ಶತ್ರುವೆಂದು ತಪ್ಪಾಗಿ ತಿಳಿದು, ಅವನ್ನು ಗುರುತಿಸಬಲ್ಲ ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಮುಂದೆ ಅದೇ ಪ್ರೋಟೀನು ಸೋಂಕಿದಾಗ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಒಮ್ಮೆಗೇ ಹೊರಚೆಲ್ಲುತ್ತವೆ. ತುರಿಕೆ, ಗಂಧೆ, ಸೀನು, ಉಬ್ಬಸ ಇವೆಲ್ಲ ಆ ತಮಟೆಯ ಸದ್ದುಗಳು. ಈ ಬಗೆಯ ಪ್ರತಿಕಾಯವನ್ನು 1966–67ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿಗಳೂ, ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನಿಚ್ ಅವರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಅದಕ್ಕೆ ಐಜಿಇ ಎಂಬ ಹೆಸರು ನಿಂತಿದೆ.

ಗವಸಿನಿಂದ ಬರುವ ತೊಂದರೆಗಳೆಲ್ಲವೂ ಒಂದೇ ಜಾತಿಯವಲ್ಲ. ಬೆವರು, ಸಾಬೂನು, ತಿಕ್ಕಾಟಗಳಿಂದ ಕೈ ಒಣಗಿ ಬಿರಿಯುವುದು ಒಂದು. ಅದು ಅಲರ್ಜಿಯೇ ಅಲ್ಲ. ರಬ್ಬರನ್ನು ಹದಗೊಳಿಸುವಾಗ ಸೇರಿಸುವ ರಾಸಾಯನಿಕಗಳು ಒಗ್ಗದೆ, ಒಂದೆರಡು ದಿನ ತಡೆದು ತುರಿಕಜ್ಜಿಯಂತೆ ಕಾಣಿಸಿಕೊಳ್ಳುವುದು ಎರಡನೆಯದು. ಚಿತ್ರದುರ್ಗದ ಸೀಮೆಯ ರೈತರಿಗೆ ಈ ಎರಡನೆಯ ಬಗೆಯ ಪರಿಚಯ ಬೇರೊಂದು ರೂಪದಲ್ಲಿ ಉಂಟು. ಹೊಲದ ಬದುವಿನಲ್ಲಿ ಬಿಳಿಯ ಹೂ ಬಿಡುವ ಪಾರ್ಥೇನಿಯಮ್ ಗಿಡವನ್ನು, ಎಂದರೆ ಜನರ ಬಾಯಲ್ಲಿಯ ಕಾಂಗ್ರೆಸ್ ಗಿಡವನ್ನು, ಕೀಳುವ ಕೆಲವರಿಗೆ ಮುಖ, ಕುತ್ತಿಗೆ, ಮೊಣಕೈಗಳಲ್ಲಿ ಚರ್ಮ ದಪ್ಪಗಾಗಿ ತುರಿಸುವುದು ಇದೇ ತಡವಾಗಿ ಏಳುವ ಅಲರ್ಜಿಯಿಂದ. ಒಂದೇ ಹೊಲದಲ್ಲಿ ಒಂದೇ ಕಳೆಯನ್ನು ಕಿತ್ತ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬಂದು ಮತ್ತೊಬ್ಬನಿಗೆ ಬಾರದಿರಬಹುದು. ಮೂರನೆಯದು ರಬ್ಬರು ಹಾಲಿನ ಪ್ರೋಟೀನಿಗೆ ಬರುವ ತತ್‌ಕ್ಷಣದ ಅಲರ್ಜಿ. ಕೆಲವೇ ನಿಮಿಷಗಳಲ್ಲಿ ಮೇಲೇಳುವ ಇದೇ ಅತ್ಯಂತ ಅಪಾಯಕಾರಿಯಾದುದು.

ಗವಸುಗಳು ಸುಲಭವಾಗಿ ಜಾರಲೆಂದು ಒಳಗೆ ಮೆಕ್ಕೆಜೋಳದ ಪಿಷ್ಟದ ಪುಡಿಯನ್ನು ಹಾಕುವ ಪದ್ಧತಿಯಿತ್ತು. ನೋಡಲು ನಿರಪಾಯವಾದ ಆ ಪುಡಿಗೆ ಪ್ರೋಟೀನುಗಳು ಅಂಟಿಕೊಂಡು, ಗವಸನ್ನು ಕಳಚಿದಾಗ ಗಾಳಿಯಲ್ಲಿ ಹರಡುತ್ತಿದ್ದವು. ಗವಸನ್ನು ಮುಟ್ಟದವರೂ ಅದೇ ಕೊಠಡಿಯ ಗಾಳಿಯನ್ನು ಉಸಿರಾಡಿ ಉಬ್ಬಸಕ್ಕೆ ಒಳಗಾಗುತ್ತಿದ್ದರು. ಇದು ತಿಳಿದ ಮೇಲೆ 1990ರ ದಶಕದ ಕೊನೆಯಲ್ಲಿ ಜರ್ಮನಿಯು ಪುಡಿ ಹಾಕಿದ ರಬ್ಬರು ಗವಸುಗಳನ್ನು ಆಸ್ಪತ್ರೆಗಳಿಂದ ದೂರಮಾಡಿತು; ಅಲ್ಲಿಯ ಆರೋಗ್ಯ ಕಾರ್ಯಕರ್ತರಲ್ಲಿ ಹೊಸ ಪ್ರಕರಣಗಳು ಗಣನೀಯವಾಗಿ ಇಳಿದವು. 2017ರ ಜನವರಿಯಿಂದ ಅಮೆರಿಕವೂ ಪುಡಿಯ ವೈದ್ಯಕೀಯ ಗವಸುಗಳನ್ನು ನಿಷೇಧಿಸಿತು. ಕಾರಣವನ್ನು ಅರಿತರೆ ಪರಿಹಾರವು ಎಷ್ಟು ಸರಳವಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಈ ಅರಿವು ಮೂಡುವುದಕ್ಕೆ ಮುಂಚಿನ ಒಬ್ಬ ದಾದಿಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಗವಸು ತೊಟ್ಟಾಗಲೆಲ್ಲ ಅವಳ ಬೆರಳು ತುರಿಸುತ್ತದೆ. ಸಾಬೂನನ್ನು ಬದಲಾಯಿಸುತ್ತಾಳೆ, ಪ್ರಯೋಜನವಿಲ್ಲ. ಕೆಲಸಕ್ಕೆ ಬಂದರೆ ಸೀನು, ರಜೆಯಲ್ಲಿ ಮನೆಗೆ ಹೋದರೆ ಆರಾಮ. "ಕೆಲಸ ಬೇಡವಾದವರಿಗೆ ನೂರು ಕಾಯಿಲೆ" ಎಂದು ಸುತ್ತಲಿನವರು ಆಡಿಕೊಳ್ಳುತ್ತಾರೆ. ಅವರ ಕೈಯಲ್ಲಿಯೂ ಅದೇ ಗವಸಿದೆ, ಅವರಿಗೆ ಏನೂ ಆಗಿಲ್ಲ. ಆದುದರಿಂದ ಅವಳಿಗೂ ಏನೂ ಆಗಿರಲಾರದು ಎಂಬುದು ಅವರ ತರ್ಕ. ಅವಳ ಮುಂದೆ ಎರಡೇ ದಾರಿ: ಉಸಿರನ್ನು ಉಳಿಸಿಕೊಳ್ಳುವುದು, ಇಲ್ಲವೆ ಅನ್ನವನ್ನು ಉಳಿಸಿಕೊಳ್ಳುವುದು. ವಾಸ್ತವವಾಗಿ ಅವಳು ಹೇಳುತ್ತಿದ್ದ ಮಾತಿನಲ್ಲಿಯೇ ರೋಗದ ಸುಳಿವಿತ್ತು. ಕೆಲಸದ ದಿನ ಕಾಣಿಸಿ ರಜೆಯ ದಿನ ಮಾಯವಾಗುವ ಬಾಧೆಯು ಸೋಮಾರಿತನದ ಗುರುತಲ್ಲ. ಬಾಧೆಯ ಮೂಲವು ಕೆಲಸದ ಎಡೆಯಲ್ಲಿದೆ ಎಂಬುದರ ಗುರುತು.

ಮಕ್ಕಳಲ್ಲಿಯೂ ಇಂಥ ಸುಳಿವುಗಳು ಕಾಣಿಸುತ್ತವೆ. ಬಲೂನನ್ನು ಊದಿದೊಡನೆ ತುಟಿ ತುರಿಸಿ ಊದಿಕೊಂಡರೆ, ಹಲ್ಲಿನ ವೈದ್ಯರು ಗವಸಿನ ಕೈಯಿಂದ ಮುಟ್ಟಿದ ಕಡೆ ಗಂಧೆಯೆದ್ದರೆ, ಅದನ್ನು ಉಪೇಕ್ಷಿಸಬಾರದು. ಈ ಅಲರ್ಜಿಯುಳ್ಳ ಕೆಲವರಿಗೆ ಬಾಳೆಹಣ್ಣು, ಪರಂಗಿಹಣ್ಣು, ಬೆಣ್ಣೆಹಣ್ಣು ಮೊದಲಾದವನ್ನು ತಿಂದಾಗಲೂ ಬಾಯಿ ತುರಿಸುವುದುಂಟು. ರಬ್ಬರಿನ ಹಾಲಿನಲ್ಲಿರುವ ಹೆವೀನ್ ಎಂಬ ಪ್ರೋಟೀನನ್ನು ಹೋಲುವ ರಕ್ಷಣಾ ಪ್ರೋಟೀನುಗಳು ಆ ಹಣ್ಣುಗಳಲ್ಲಿಯೂ ಇರುವುದೇ ಇದಕ್ಕೆ ಕಾರಣ. ಕಳ್ಳನನ್ನು ಹೋಲುವ ನೆಂಟನನ್ನೂ ತಳವಾರನು ಹಿಡಿದು ನಿಲ್ಲಿಸಿದಂತೆ! ಹಾಗೆಂದು ಎಲ್ಲರೂ ಬಾಳೆಹಣ್ಣಿಗೆ ಹೆದರಬೇಕಾಗಿಲ್ಲ. ಬಹುಪಾಲು ಜನರಿಗೆ ರಬ್ಬರೂ ಒಗ್ಗುತ್ತದೆ, ಹಣ್ಣೂ ಒಗ್ಗುತ್ತದೆ.

ಸಂಶಯ ಬಂದವರು ತಾವಾಗಿಯೇ ಪ್ರಯೋಗ ಮಾಡಿಕೊಳ್ಳದೆ ತಜ್ಞ ವೈದ್ಯರಿಂದ ರಕ್ತಪರೀಕ್ಷೆಯನ್ನೋ ಚರ್ಮಪರೀಕ್ಷೆಯನ್ನೋ ಮಾಡಿಸಿಕೊಳ್ಳಬೇಕು. ಅಲರ್ಜಿಯು ಖಚಿತವಾದ ಮೇಲೆ ರಬ್ಬರು ಹಾಲಿನ ವಸ್ತುಗಳಿಂದ ದೂರವಿರುವುದೇ ಮುಖ್ಯ ಉಪಾಯ. ಶಸ್ತ್ರಚಿಕಿತ್ಸೆಗೆ, ಹೆರಿಗೆಗೆ, ಹಲ್ಲು ಕೀಳಿಸುವುದಕ್ಕೆ ಹೋದಾಗ ಈ ವಿಷಯವನ್ನು ಮೊದಲೇ ತಿಳಿಸಬೇಕು. ಮನೆಯವರಿಗೂ ಅದು ತಿಳಿದಿರಬೇಕು. ಏಕೆಂದರೆ ಅರಿವಳಿಕೆಯಲ್ಲಿರುವ ರೋಗಿಯು ತನ್ನ ಮೈ ತುರಿಸುತ್ತಿದೆಯೆಂದು ಹೇಳಲಾರನು. ನೈಟ್ರೈಲ್, ವಿನೈಲ್, ನಿಯೋಪ್ರೀನ್‌ಗಳಂಥ ಕೃತಕ ವಸ್ತುಗಳ ಗವಸುಗಳಲ್ಲಿ ರಬ್ಬರು ಮರದ ಪ್ರೋಟೀನು ಇರುವುದಿಲ್ಲ. ಮೈಯೆಲ್ಲ ಗಂಧೆಯೆದ್ದು, ಗಂಟಲು ಬಿಗಿದು, ಉಸಿರಾಟ ಕಷ್ಟವಾಗಿ, ತಲೆಸುತ್ತು ಬಂದರೆ ಅದು ಜೀವಕ್ಕೆ ಬಂದ ಕುತ್ತು. ಆಗ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣವನ್ನು ಉಳಿಸುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಪ್ರಕೃತಿಯ ಲೀಲೆ ಇಷ್ಟಕ್ಕೇ ಮುಗಿಯುವುದಿಲ್ಲ. ಬಿ.ಜಿ. ಕೆರೆಯ ಹೊಲಗಳಿಗೆ ಕಂಟಕವಾದ ಪಾರ್ಥೇನಿಯಮ್ ಕಳೆಗೆ ಮೆಕ್ಸಿಕೋ ದೇಶದ ಒಣಭೂಮಿಯಲ್ಲಿ ಒಬ್ಬ ದಾಯಾದಿಯಿದೆ. ಗ್ವಾಯೂಲೆ ಎಂಬ ಆ ಕುರುಚಲು ಗಿಡವೂ ಪಾರ್ಥೇನಿಯಮ್ ಕುಲಕ್ಕೇ ಸೇರಿದುದು. ಅದರ ತೊಗಟೆಯ ಕಣಗಳಲ್ಲಿ ರಬ್ಬರು ಅಡಗಿದೆ. ರಬ್ಬರು ಮರದ ಹಾಲಿನಲ್ಲಿರುವ, ಅಲರ್ಜಿಯನ್ನು ಎಬ್ಬಿಸುವ ಪ್ರೋಟೀನುಗಳು ಅದರಲ್ಲಿಲ್ಲ. ಆ ಗಿಡದ ಹಾಲಿನಿಂದ ಮಾಡಿದ ವೈದ್ಯಕೀಯ ಗವಸಿಗೆ 2008ರಲ್ಲಿ ಅಮೆರಿಕ ಸರಕಾರದ ಒಪ್ಪಿಗೆ ದೊರೆಯಿತು. ಮೈಯನ್ನು ಕೆರಳಿಸುವ ಕಳೆಯ ಕುಲದಲ್ಲಿಯೇ, ಮೈ ಕೆರಳದವರಂತೆ ಕಾಯುವ ಗವಸಿನ ಗಿಡವೂ ಹುಟ್ಟಿತು. ಯಾವ ವಸ್ತುವನ್ನೂ ಪೂರ್ಣವಾಗಿ ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ತೀರ್ಮಾನಿಸುವ ಮುನ್ನ ಯೋಚಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಬ್ಬರಿಗೆ ಅಮೃತವಾದುದು ಮತ್ತೊಬ್ಬರಿಗೆ ವಿಷವಾಗಬಹುದೆಂಬ ಮಾತನ್ನು ಜನರು ಬಹುಕಾಲದಿಂದ ಆಡುತ್ತ ಬಂದಿದ್ದಾರೆ. ಆದರೆ ಪಕ್ಕದ ಬೆಂಚಿನ ಹುಡುಗಿಯು ಬಲೂನನ್ನು ಮುಟ್ಟಲೊಲ್ಲೆನೆಂದಾಗ, ಆಳುಮಗನು ಕಳೆ ಕೀಳಲಾರೆನೆಂದಾಗ ಆ ಮಾತು ನೆನಪಿಗೆ ಬರುವುದು ಅಪರೂಪ. ತನ್ನ ಮೈಗೆ ಒಗ್ಗಿದ್ದು ಎಲ್ಲರ ಮೈಗೂ ಒಗ್ಗಬೇಕೆಂದು ಹಟ ಹಿಡಿಯುವುದು ಅಜ್ಞಾನ. ಇನ್ನೊಬ್ಬರ ಮೈ ಹೇಳುವುದನ್ನು ಕಿವಿಗೊಟ್ಟು ಕೇಳಿ ಅದರ ಕಾರಣವನ್ನು ಹುಡುಕುವುದು ವಿಜ್ಞಾನ. ಬಾಲ್ಟಿಮೋರಿನ ಶಸ್ತ್ರವೈದ್ಯನು ದಾದಿಯ ಕೈಯನ್ನು ಕಂಡು ಮಾಡಿದ್ದು ಇಷ್ಟೇ. ಅದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ, ಬಿ.ಜಿ. ಕೆರೆಯ ಒಂದು ಶಾಲೆಯ ಕೊಠಡಿಯಲ್ಲಿಯೂ ಅದು ಸಾಧ್ಯ.